ಮೈಕಿನ ಹಿಂದಿನ ಬಲಗೈ

ರಾಣೆಬೆನ್ನೂರು
ಇಸವಿ ೨೧೮೧, ಎರಡನೆಯ ಬೇಸಿಗೆಯ ಒಂಬತ್ತನೆಯ ದಿನ

ಗಂಗಾಂಬಿಕೆ ಅಜ್ಜಿಗೆ, ನಿನ್ನ ಮರಿಮಗಳ ಮಗಳು ದಾಕ್ಷಾಯಣಿಯ ನಮಸ್ಕಾರಗಳು.

ನೀನು ಹೇಗಿದ್ದೀಯ? ಚನ್ನವೀರಜ್ಜನ ಸೊಂಟನೋವು ಇಳಿಯಿತೇ? ಮಗಳು ಸಹನಾ ಚೆನ್ನಾಗಿ ಊಟ ಮಾಡುತ್ತಾಳೆಯೇ? ನಿನ್ನ ಅತ್ತೆ ಪಾರ್ವತೆವ್ವ ಗಟ್ಟಿಯಾಗಿದ್ದಾರೆ ತಾನೆ? ನಾವೂ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ನನ್ನ ತಮ್ಮ ಇಂದುಧರ ತೀರಿಕೊಂಡು ತಿಂಗಳಾಯಿತು.

ಈ ಕಾಗದ ಸಿಗುವಾಗ ನಿನಗೆ ಮೂವತ್ತಾರು. ನನಗೆ ಎಪ್ಪತ್ತೊಂಬತ್ತು. ನಿನ್ನನ್ನು ಅಜ್ಜಿ ಎನ್ನಲು ನಗು ಬರುತ್ತದೆ, ಆದರೂ ವರಸೆ ಬಿಡಲಾಗುವುದಿಲ್ಲ. ನನ್ನ ಕನ್ನಡದಲ್ಲಿ ಗುರುತು ಸಿಗದ ಶಬ್ದ ಬಂದರೆ ಮನ್ನಿಸು. ನಾನು ಶಾಲೆ ಕಂಡವಳಲ್ಲ. ನಿನ್ನ ವೀಡಿಯೊ ಪಾಠಗಳ ಕೆಳಗೆ ಓಡುವ ಅಕ್ಷರಗಳನ್ನು ನೋಡಿಯೇ ಓದು ಕಲಿತವಳು. ಇದು ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಜೀವಮಾನಕ್ಕೆ ಒಬ್ಬರಿಗೆ ಒಂದೇ ಕಾಗದ. ನನ್ನದನ್ನು ನಿನಗೆ ಬರೆಯುತ್ತಿದ್ದೇನೆ.

ಇಲ್ಲಿ ಮಗು ಹುಟ್ಟಿದ ವಾರದಲ್ಲೇ ಕಿವಿಬೀಜ ಹಾಕುತ್ತಾರೆ. ಸಾಸಿವೆಯಷ್ಟಿರುತ್ತದೆ, ಕಿವಿಯೊಳಗೆ ಬೇರು ಬಿಟ್ಟಿತೆಂದರೆ ಎಂಥ ಕಿವುಡು ಮಗುವಿಗೂ ಕೇಳಿಸುತ್ತದೆ. ಹೀಗಾಗಿ ಕಿವುಡರ ಶಾಲೆಗಳು ನನ್ನ ತಾಯಿ ಹುಟ್ಟುವ ಮೊದಲೇ ಮುಚ್ಚಿದವು, ಕೈಮಾತು ಬಲ್ಲವರೂ ಒಬ್ಬೊಬ್ಬರಾಗಿ ಹೋದರು. ಈಗ ಎಲ್ಲೆಲ್ಲೂ ಮಾತುಬಾಗಿಲು. ಹೆಸರು ಹೇಳಿದರೆ ಬಾಗಿಲು ತೆರೆಯುತ್ತದೆ, ಕೂಗಿದರೆ ನಲ್ಲಿ ಬರುತ್ತದೆ, ಒಲೆ ಹೊತ್ತಲೂ ಮಾತೇ ಬೇಕು. ನಮ್ಮ ಮನೆತನದಲ್ಲಿ ಮಾತ್ರ ಒಮ್ಮೊಮ್ಮೆ ಬೀಜ ಹಿಡಿಯುವುದಿಲ್ಲ. ನನಗೆ ಹಿಡಿಯಲಿಲ್ಲ, ಇಂದುಧರನಿಗೂ ಹಿಡಿಯಲಿಲ್ಲ. ದಿನಸಿ ಅಂಗಡಿಯ ಮುಂದೆ ನಾವಿಬ್ಬರೂ ನಿಂತು, ಬಾಯಿದ್ದವರು ಯಾರಾದರೂ ಬರಲಿ ಎಂದು ಕಾಯುತ್ತಿದ್ದೆವು. ಅವನು ಕೈಯಲ್ಲೇ ಚೇಷ್ಟೆ ಮಾಡುತ್ತಿದ್ದ: "ಅಕ್ಕಾ, ನೀ ಬಾಗಲಾ ಒದಿ. ಯಾರರ ಬಂದ್ರ ನೀ ಯಾರಂತ ಗೊತ್ತಿಲ್ಲ ಅಂತೀನಿ." ಆ ಮಾತು, ಆ ಜಗಳ, ಆ ನಗು, ಎಲ್ಲವೂ ನಿನ್ನ ಪಾಠಗಳಿಂದಲೇ ನಮಗೆ ಬಂದದ್ದು. ಕಿವುಡು ಮಕ್ಕಳ ತಾಯಂದಿರಿಗೆ ನೀನು ಕೈಮಾತು ಕಲಿಸಿದ ಆ ಆನ್‌ಲೈನ್ ಕೋರ್ಸು ನಮ್ಮ ಮನೆಯಲ್ಲಿ ಉಳಿದುಬಂತು. ಬೇರೆಲ್ಲೂ ಉಳಿದಿಲ್ಲ.

ಏಳನೆಯ ಪಾಠದವರೆಗೆ ನೀನು ಹಳೆಯ ಫೋನಿನಲ್ಲಿ ಚಿತ್ರ ತೆಗೆದಿದ್ದೀಯ. ಚಿತ್ರ ಸ್ವಲ್ಪ ಮಸುಕಾದರೂ ಎರಡು ಕೈಯೂ ಕಾಣುತ್ತವೆ. ಆಮೇಲೆ ಕೋರ್ಸನ್ನು ಹಂಚುವ ಕಂಪನಿಯವರು ನಿನಗೆ ಬುದ್ಧಿ ಹೇಳಿದರಂತೆ: ಚಿತ್ರ ಹೇಗಿದ್ದರೂ ಜನ ನೋಡುತ್ತಾರೆ, ದನಿ ಕೆಟ್ಟರೆ ಎದ್ದು ಹೋಗುತ್ತಾರೆ, ಮೊದಲು ಒಳ್ಳೆಯ ಮೈಕ್ ತಗೋ. ಕಿವಿಯಿದ್ದವರಿಗೆ ಅದು ಸರಿಯಾದ ಮಾತೇ. ಪಕ್ಕದಲ್ಲಿ ಕೂತು ನಿನ್ನ ಕೈಮಾತನ್ನು ಬಾಯಲ್ಲಿ ಹೇಳುವ ಸಹನಾಳಿಗಾಗಿ ನೀನು ಕೈಲಿದ್ದುದನ್ನೆಲ್ಲ ಹಾಕಿ ಆ ದೊಡ್ಡ ಮೈಕ್ ತಂದೆ. ಎಂಟನೆಯ ಪಾಠದಿಂದ ಅದು ಮೇಜಿನ ಮೇಲೆ, ನಿನ್ನ ಎದೆಯ ಮುಂದೆ ನಿಂತಿದೆ. ನಿನ್ನ ಬಲಗೈ ಅದರ ಹಿಂದೆ.

ಅದೆಂಥ ಮೈಕ್ ಎನ್ನುತ್ತೀಯ! ಅಡುಗೆಮನೆಯ ಮಾತೂ ಅದರಲ್ಲಿ ಬಿದ್ದಿದೆ. ಪರದೆಯ ಕೆಳಗೆ ಅಕ್ಷರವಾಗಿ ಓಡುತ್ತದೆ.

"ಮಾತಽ ಆಡದಾಕಿಗೆ ಮೈಕ್ ಯಾಕ ಬೇಕಾಗಿತ್ತು? ಆ ರೊಕ್ಕಕ್ಕ ಒಂದು ಮಿಕ್ಸರ್ ಬರ್ತಿತ್ತು" ಎನ್ನುತ್ತಾರೆ ಪಾರ್ವತೆವ್ವ.

"ಸುಮ್ನಿರ ಬೇ ಅಜ್ಜಿ, ರೆಕಾರ್ಡ್ ಆಗಾಕತ್ತೈತಿ" ಎನ್ನುತ್ತಾಳೆ ಸಹನಾ.

"ಆಗ್ಲಿ ಬಿಡು. ಅದರ ಮುಂದ ನಾನಽ ಕುಂದರ್ತೀನಿ, ನನಗೇನು ಮಾತಿಗೆ ಬರಗಾಲ?"

ಇದನ್ನು ಓದಿ ನಾನೂ ಇಂದುಧರನೂ ಎಷ್ಟು ಸಲ ನಕ್ಕಿದ್ದೇವೋ. ಆ ಮೈಕಿಗೆ ಎಲ್ಲರ ಮಾತೂ ಸಿಕ್ಕಿತು ಅಜ್ಜಿ, ನಿನ್ನದೊಂದು ಬಿಟ್ಟು.

ಎಂಟನೆಯದು ನೋವಿನ ಪಾಠ. ಉರಿಯುವ ನೋವು, ಚುಚ್ಚುವ ನೋವು, ಭಯ, ಸಂಕಟ, ಇವನ್ನೆಲ್ಲ ಮಗು ತಾಯಿಗೆ ಹೇಗೆ ಹೇಳಬೇಕು ಎಂಬುದು. ಅದರಲ್ಲಿ ಒಂದು ಮಾತಿಗೆ ನಿನ್ನ ಕೈ ಎದೆಯ ಮೇಲೆ ಅರ್ಧ ಸುತ್ತುತ್ತದೆ, ಅಲ್ಲಿಂದ ಮೈಕಿನ ಮರೆಗೆ ಹೋಗುತ್ತದೆ. ಹೊರಗೆ ಬರುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಕೆಳಗಿನ ಅಕ್ಷರದಲ್ಲೂ ಅಲ್ಲಿ ಸಹನಾಳ ಮಾತಿನ ಬದಲು ಅಡುಗೆಮನೆಯ ಮಾತೇ ಇದೆ. ಉಳಿದದ್ದನ್ನು ನಾವಿಬ್ಬರೂ ಊಹಿಸಿ ಕಟ್ಟಿಕೊಂಡೆವು. ಕೊನೆಯ ದಿನ ಇಂದುಧರ ನಾವು ಕಟ್ಟಿಕೊಂಡದ್ದನ್ನೆಲ್ಲ ಬಿಟ್ಟು, ಚಿಕ್ಕಂದಿನಲ್ಲಿ ನಿನ್ನನ್ನು ನೋಡಿ ಮಾಡುತ್ತಿದ್ದಂತೆ ಬಲಗೈಯನ್ನು ಎದೆಯ ಮೇಲೆ ಅರ್ಧ ಸುತ್ತಿದ. ಕೈ ಅಲ್ಲಿಗೇ ನಿಂತಿತು. ನನ್ನ ಮುಖವನ್ನೇ ನೋಡುತ್ತಿದ್ದ. ನೀರು ಕೊಟ್ಟೆ, ತಲೆ ಅಲ್ಲಾಡಿಸಿದ. ಹೊದಿಕೆ ತೆಗೆದೆ, ಮತ್ತೆ ಅಲ್ಲಾಡಿಸಿದ. ಅವನು ಏನು ಹೇಳಿದ ಎಂದು ನನಗೆ ಗೊತ್ತಾಗಲಿಲ್ಲ. ಈಗ ನನ್ನ ಜೊತೆ ಕೈಯಲ್ಲಿ ಮಾತಾಡುವವರು ಯಾರೂ ಇಲ್ಲ ಎಂದುಕೊಳ್ಳುವಂತಿಲ್ಲ, ಗಿರಿಜೆ ಇದ್ದಾಳೆ. ಇಂದುಧರನ ಮೊಮ್ಮಗಳು, ನಾಲ್ಕು ವರ್ಷ. ಅವಳಿಗೂ ಬೀಜ ಹಿಡಿಯಲಿಲ್ಲ. ಮೊನ್ನೆ ಜ್ವರ ಬಂದು ಅತ್ತಳು. ಹೊಟ್ಟೆ ಮುಟ್ಟಿದಳು, ತಲೆ ಮುಟ್ಟಿದಳು, ನಮ್ಮನ್ನು ಹೊಡೆದಳು. ಅವಳ ತಾಯಿ ಗೋಡೆಗೆ ಒರಗಿ ಕೂತುಬಿಟ್ಟಳು. ನನ್ನ ಬೆರಳುಗಳು ಮರಗಟ್ಟುತ್ತಿವೆ. ನಾನು ಹೋದ ಮೇಲೆ ಆ ಮಗುವಿಗೆ ನಿನ್ನ ಪಾಠಗಳೇ ಗತಿ.

ಈ ಕಾಗದ ನೀನು ಎಂಟನೆಯ ಪಾಠಕ್ಕೆ ಕೂರುವ ಹಿಂದಿನ ದಿನ ಸಿಗುವಂತೆ ಹಾಕುತ್ತೇನೆ. ದಯವಿಟ್ಟು ಆ ಮೈಕನ್ನು ಅಂಗಡಿಗೆ ಹಿಂತಿರುಗಿಸು. ತಾಯಂದಿರಿಗೆ ಸಹನಾಳ ದನಿ ಬೇಕು, ನಿಜ. ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕ್ ಅವಳಿಗೆ ಹಾಕಿ ಕ್ಯಾಮೆರಾದ ಹಿಂದೆ ಕೂರಿಸು. ಉಳಿದ ಹಣವನ್ನು ಕ್ಯಾಮೆರಾಕ್ಕೆ ಹಾಕು. ಕೈ ಬೀಸಿದಾಗ ಬೆರಳು ಕಲಸಿಹೋಗದೆ ಬಿಡಿಬಿಡಿಯಾಗಿ ಕಾಣಬೇಕು, ಅದನ್ನು ಅಂಗಡಿಯಲ್ಲೇ ಕೈ ಬೀಸಿ ನೋಡಿ ತಗೋ. ಅಂಗಡಿಯವನು ನಕ್ಕರೆ ನಗಲಿ. ಕ್ಯಾಮೆರಾವನ್ನು ಹಿಂದೆ ಸರಿಸು, ಸೊಂಟದವರೆಗೂ ಕಾಣಲಿ, ಮೊಣಕೈ ಚಾಚಲು ಅಕ್ಕಪಕ್ಕ ಜಾಗ ಇರಲಿ. ಹಿನ್ನೆಲೆ ಮಸುಕು ಮಾಡುವ ಗುಂಡಿ ಒತ್ತಬೇಡ, ಅದಕ್ಕೆ ಗೋಡೆ ಯಾವುದು ಬೆರಳು ಯಾವುದು ತಿಳಿಯದು, ಎರಡನ್ನೂ ತಿಂದುಹಾಕುತ್ತದೆ. ಬೆಳಕು ಎದುರಿನಿಂದ ಬರಲಿ. ಜರಿ ಸೀರೆ ಬೇಡ. ಒಂದೇ ಬಣ್ಣದ, ಗಾಢವಾದದ್ದು ಉಟ್ಟುಕೋ, ಕೈ ಎದ್ದು ಕಾಣುತ್ತದೆ.

ದಿನಾ ಬೆಳಿಗ್ಗೆ ಗಿರಿಜೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಂಟನೆಯ ಪಾಠ ತೆರೆಯುತ್ತೇನೆ. ನೀನು ಅಲ್ಲಿ ಬದಲಿಸಿದ ದಿನ ಇಲ್ಲಿ ಬದಲಾಗುತ್ತದೆ ಎಂದು ಅಂಚೆಯವರು ಹೇಳಿದ್ದಾರೆ. ಇವತ್ತು ಬೆಳಿಗ್ಗೆ ಮೈಕ್ ಅಲ್ಲೇ ಇತ್ತು. ಕಾಗದ ಇನ್ನೂ ಹಾಕಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಇನ್ನೊಂದು ಮಾತು. ಅಂಚೆ ಮುಂದಕ್ಕೆ ಬರುವುದಿಲ್ಲ, ನಿನ್ನ ಉತ್ತರ ಕಾಗದದಲ್ಲಿ ನನಗೆ ಸಿಗದು. ಪಾಠ ಮುಗಿದ ಮೇಲೆ ಕ್ಯಾಮೆರಾ ಆರಿಸುವ ಮೊದಲು ನಮ್ಮ ಕಡೆ ತಿರುಗಿ, ಎದೆಯ ಮೇಲೆ ಅರ್ಧ ಸುತ್ತಿದ ಆ ಕೈ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನಿಧಾನವಾಗಿ, ಅರ್ಥದೊಡನೆ ಎರಡು ಸಲ ತೋರಿಸು. ನನ್ನ ತಮ್ಮ ಏನು ಕೇಳಿದ ಎಂದು ತಿಳಿದುಕೊಂಡೇ ಹೋಗುತ್ತೇನೆ. ತಡ ಮಾಡಬೇಡ ಅಜ್ಜಿ, ಬೇಗ ಉತ್ತರ ಕೊಡು.

ನಿನ್ನ,
ದಾಕ್ಷಾಯಣಿ