ಹೊಲಿಗೆ ಯಂತ್ರದ ಮೇಲಿನ ಚಾದರ

ಮನೆ, ಮುಂದಿನ ಕೋಣೆ
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಣ್ಣನ ಮನೆಯ ಮೂರು ಮಹಡಿಯನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ ಎಂಬುದೇ ನನ್ನ ಚಿಂತೆ. ಅತ್ತಿಗೆಯ ಕಾಲಿನ ಪ್ಲಾಸ್ಟರ್ ಯಾವಾಗ ಬಿಚ್ಚುತ್ತಾರಂತೆ? ಅವಳು ನೋವು ನುಂಗಿಕೊಳ್ಳುವವಳು, ಬಾಯಲ್ಲಿ ಚೆನ್ನಾಗಿದ್ದೀನಿ ಅನ್ನುತ್ತಾಳೆ, ನೀನು ಮುಖ ನೋಡಿ ತಿಳಿದುಕೋ. ಇಲ್ಲಿ ನಾನು ಗಿಡಗಳಿಗೆ ನೀರು ಹಾಕುತ್ತಿದ್ದೇನೆ. ಹಾಲು ಉಕ್ಕಿಸಿದ್ದು ಎರಡೇ ಸಲ. ಫೋನಿನಲ್ಲಿ ನೀನು ಏನು ಕೇಳಿದರೂ ಹೂಂ ಹೂಂ ಅಂದು ಇಟ್ಟುಬಿಡುತ್ತೇನೆ, ನಿನಗೆ ಅನುಮಾನ ಬಂದೇ ಇರುತ್ತದೆ. ಬಾಯಿಲ್ಲದ ಹುಡುಗಿ ಎಂದು ನೀನೇ ಅನ್ನುತ್ತೀಯಲ್ಲ, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ವಿದ್ಯುತ್ ಕಚೇರಿಯಲ್ಲಿ ಕೆಲಸ ಸಿಕ್ಕಾಗ, ಸಾಹಿತ್ಯ ಓದಿದವಳಿಗೆ ಅಲ್ಲೇನಿದೆ ಎಂದು ನಕ್ಕಿದ್ದೆಯಲ್ಲ, ಅಲ್ಲಿ ಬೋರ್ಡು ಬರೆಯುವುದಿತ್ತು. ನನ್ನ ಅಕ್ಷರ ದುಂಡಗಿದೆ ಎಂದು ಹೊಸ ದರದ ಪಟ್ಟಿಯನ್ನು ನನ್ನಿಂದಲೇ ಬರೆಸಿ ಬಾಗಿಲ ಪಕ್ಕ ತೂಗುಹಾಕಿದ್ದಾರೆ. ಒಂದು ಯೂನಿಟ್ಟಿಗೆ ಮನೆಗಳಿಗೆ ಐದು ರೂಪಾಯಿ, ಕಾರ್ಖಾನೆಗಳಿಗೆ ಏಳು, ಅಂಗಡಿಗಳಿಗೆ ಒಂಬತ್ತು. ಬರೆಯುವಾಗ ನನಗೆ ಅಂಕಿಗಳ ಸಾಲು ನೇರವಾಗಿದೆಯೇ ಎಂಬುದಷ್ಟೇ ಮುಖ್ಯವಾಗಿತ್ತು. ಆಮೇಲೆ ಮನೆಮನೆ ತಪಾಸಣೆ ಶುರುವಾಯಿತು. ಮನೆಯೊಳಗೆ ಸಂಪಾದನೆಯ ಕೆಲಸ ಯಾವುದೇ ನಡೆಯುತ್ತಿದ್ದರೂ ಆ ಮನೆಯ ಮೀಟರು ಪೂರ್ತಿ ಅಂಗಡಿ ದರಕ್ಕೆ ಹೋಗುತ್ತದೆ, ಅಡುಗೆಮನೆಯ ದೀಪವೂ ಸೇರಿ. ತಪಾಸಣೆಗೆ ಹೋಗುವ ಮೇಲಧಿಕಾರಿಗೆ ನಾವೆಲ್ಲ ಟಾರ್ಚ್ ಸಾಹೇಬರು ಅನ್ನುತ್ತೇವೆ, ಹಗಲಲ್ಲೂ ಮೀಟರಿಗೆ ಟಾರ್ಚ್ ಬಿಡದೆ ಅವರಿಗೆ ಸಮಾಧಾನವಿಲ್ಲ. ಅವರು ನೋಡಿ ಹೇಳುವುದು, ನಾನು ಬರೆದುಕೊಳ್ಳುವುದು.

ನೀನು ಹೋದ ಎರಡನೇ ವಾರ ನಮ್ಮ ಬೀದಿಯ ಸರದಿ ಬಂತು. ಹಿಂದಿನ ದಿನವೇ ನನಗೆ ಗೊತ್ತಿತ್ತು ಅಮ್ಮಾ. ಬೆಳಿಗ್ಗೆ ಎದ್ದವಳು ನಿನ್ನ ಎರಡೂ ಹೊಲಿಗೆ ಯಂತ್ರಗಳನ್ನು ಗೋಡೆಗೆ ಒತ್ತಿ ಜೋಡಿಸಿದೆ, ಮೋಟಾರಿನ ವೈರು ಸುತ್ತಿ ಒಳಗೆ ಸೇರಿಸಿದೆ. ಮೇಲೆ ನೀಲಿ ಗೆರೆಯ ಚಾದರ ಹೊದಿಸಿ ಅದರ ಮೇಲೆ ನನ್ನ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿದೆ. ಅರ್ಧ ಹೊಲಿದ ಶಾಲೆಯ ಅಂಗಿಗಳನ್ನು ಮಂಚದ ಕೆಳಗೆ ತಳ್ಳಿದೆ. ಈಗ ಹೇಗೂ ಹೊಲಿಗೆ ನಿಂತಿದೆಯಲ್ಲ, ಸುಳ್ಳು ಹೇಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಾಹೇಬರು ಬಂದರು, ನೀರು ಕುಡಿದರು, ಪುಸ್ತಕಗಳ ಮೇಲೂ ಟಾರ್ಚ್ ಬಿಟ್ಟು, ಓದೋ ಮನೆ ಅಂದ್ರೆ ಹಿಂಗಿರಬೇಕು ಅಂದರು. ತಪಾಸಣೆ ಹಾಳೆಯ ‘ಮನೆಯಲ್ಲಿ ನಡೆಯುವ ಕೆಲಸ’ ಎಂಬ ಸಾಲಿನ ಮುಂದೆ ನಾನು ‘ಇಲ್ಲ’ ಎಂದು ಬರೆದೆ. ದುಂಡಗೆ. ಈ ಯಂತ್ರಗಳೇ ಇವಳನ್ನ ಓದಿಸಿದ್ದು ಎಂದು ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದೆಯಲ್ಲ, ಆ ಇಪ್ಪತ್ತು ವರ್ಷವನ್ನು ಎರಡು ಅಕ್ಷರದಲ್ಲಿ ಅಳಿಸಿದೆ.

ಅಲ್ಲಿಂದ ಪಕ್ಕದ ಇಸ್ತ್ರಿ ಮಾವನ ಮನೆ. ಮಾವ ಎಂದಿನಂತೆ ಮುಂದಿನ ಕೋಣೆಯ ಮೇಜಿಗೆ ಬಾಗಿದ್ದ. ನನ್ನನ್ನು ಕಂಡದ್ದೇ ಮುಖ ಅರಳಿತು. ಸಾಹೇಬರಿಗೆ ಕುರ್ಚಿ ಒರೆಸಿ ಕೊಟ್ಟು, ಇವಳು ನಮ್ಮ ಹುಡುಗಿ ಸಾರ್, ಸಂದರ್ಶನದ ದಿನ ಬಟ್ಟೆಗೆ ಇಸ್ತ್ರಿ ಹಾಕಿ ಕಳಿಸಿದ್ದು ನಾನೇ ಅಂದ. ದಿನಕ್ಕೆ ಎಷ್ಟು ಗಂಟೆ ಇಸ್ತ್ರಿ ಎಂದು ಕೇಳಿದರೆ ಎಂಟು ಅಂದ, ಮತ್ತೆ ನೆನಪಿಸಿಕೊಂಡು, ಶನಿವಾರ ಹತ್ತಾಗುತ್ತೆ, ಬರ್ಕೊಳ್ಳಮ್ಮಾ ಅಂದ. ಹೆಚ್ಚು ಹೇಳಿದರೆ ನನ್ನ ಕೆಲಸಕ್ಕೆ ಒಳ್ಳೆಯದು ಎಂದುಕೊಂಡಿದ್ದ. ನಾನು ತಲೆ ಎತ್ತದೆ ಬರೆದುಕೊಂಡೆ.

ಹೋದ ವಾರ ಅವನಿಗೆ ನೋಟೀಸು ಬಂತು. ಕನ್ನಡಕ ಸಿಗುತ್ತಿಲ್ಲ ಎಂದು ಓದಿಸಲು ನನ್ನ ಹತ್ತಿರವೇ ತಂದ. ಇನ್ನು ಮೇಲೆ ಅವನ ಮೀಟರಿಗೆ ಅಂಗಡಿ ದರ, ಒಂಬತ್ತು ಎಂದು ಓದಿ ಹೇಳಿದೆ. ಮಾರನೆಯ ದಿನ ಕಚೇರಿಗೆ ಬಂದು ನನ್ನ ಬೋರ್ಡಿನ ಮುಂದೆ ನಿಂತು, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿದ. ಬೀದಿ ಕೊನೆಯ ಹಿಟ್ಟಿನ ಗಿರಣಿ ಕಾರ್ಖಾನೆ ಲೆಕ್ಕದಲ್ಲಿದೆ, ಅದಕ್ಕೆ ಏಳು. ‘ಗಿರಣಿಗಿಂತ ನನ್ನ ಇಸ್ತ್ರಿ ದೊಡ್ಡದೇನಮ್ಮಾ?’ ಎಂದು ಕೇಳಿದ. ಕೌಂಟರಿನವರು ನಕ್ಕರು, ಅವನೂ ನಕ್ಕ. ನನಗೆ ನಗಲಾಗಲಿಲ್ಲ. ಹೊರಡುವಾಗ ನನ್ನ ಹತ್ತಿರ ಬಂದು, ನಿನ್ನ ಮೇಲೇನೂ ಬೇಜಾರಿಲ್ಲ, ಇದ್ದದ್ದನ್ನ ಇದ್ದ ಹಾಗೆ ಬರೆದಿದ್ದೀಯ ಅಂದ. ಆಮೇಲೆ ದನಿ ತಗ್ಗಿಸಿ, ‘ಪಾಪ, ನಿಮ್ಮಮ್ಮಂಗೂ ಬಂದಿರಬೇಕಲ್ಲ ನೋಟೀಸು? ಅಕ್ಕ ಬರಲಿ, ಇಬ್ಬರೂ ಸೇರಿ ಒಂದು ಅರ್ಜಿ ಕೊಡೋಣ’ ಅಂದ. ನಾನು ಹೂಂ ಅಂದೆ. ಚಾದರ ಹೊದಿಸಿದ್ದಕ್ಕಿಂತ ಆ ಹೂಂ ನನ್ನನ್ನು ಹೆಚ್ಚು ತಿನ್ನುತ್ತಿದೆ.

ಈಗ ಅವನು ಅಟ್ಟದಿಂದ ಹಳೆಯ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಳಿಸಿದ್ದಾನೆ. ಬೂದಿ ಊದುವಾಗ ಬರುವ ಕೆಮ್ಮು ನಮ್ಮ ಗೋಡೆಯಾಚೆಯಿಂದ ಕೇಳುತ್ತದೆ. ಮೂರು ದಿನ ಕೇಳಿಸಿಕೊಂಡೆ. ಇವತ್ತು ಬೆಳಿಗ್ಗೆ ಹೋಗಿ ಬಾಗಿಲಲ್ಲಿ ನಿಂತು ಎಲ್ಲ ಹೇಳಿಬಿಟ್ಟೆ, ಮಂಚದ ಕೆಳಗಿನ ಅಂಗಿಗಳನ್ನೂ ಬಿಡದೆ. ಮಾವ ಕೈ ನಿಲ್ಲಿಸಲಿಲ್ಲ. ಒಂದೇ ಕಾಲರಿಗೆ ಮತ್ತೆ ಮತ್ತೆ ಇಸ್ತ್ರಿ ಹಾಕುತ್ತಿದ್ದ. ಬೈಯುತ್ತಾನೆ ಎಂದು ಕಾದೆ. ಕೊನೆಗೆ, ‘ಅಮ್ಮಂಗೆ ಗೊತ್ತಾ?’ ಅಂದ. ಇಲ್ಲ ಅಂದೆ. ‘ಮೊದಲು ಅಲ್ಲಿಗೆ ಬರಿ’ ಅಂದ, ಅಷ್ಟೇ. ನಮ್ಮ ಹುಡುಗಿ ಎಂದು ಈ ಸಲ ಅನ್ನಲಿಲ್ಲ.

ಅಣ್ಣ ಅತ್ತಿಗೆಗೆ ನಾನು ಕೇಳಿದೆ ಎಂದು ಹೇಳು. ಇದನ್ನು ಅವರಿಗೆ ಓದಿ ಹೇಳಬೇಡ, ಅಥವಾ ಹೇಳು, ನಿನ್ನಿಷ್ಟ. ಮೆಟ್ಟಿಲು ನಿಧಾನ ಹತ್ತು.

ನಿನ್ನ
ಸಣ್ಣವಳು

ಲಕೋಟೆ ಅಂಟಿಸುವ ಮುಂಚೆ: ಇದರ ಜೊತೆ ಒಂದು ತಪಾಸಣೆ ಹಾಳೆ ಇಟ್ಟಿದ್ದೇನೆ, ಆವತ್ತು ಬರೆದದ್ದರ ಬದಲಿಗೆ ಹೊಸದು. ಮೀಟರು ನಿನ್ನ ಹೆಸರಿನಲ್ಲಿರುವುದರಿಂದ ಕೆಳಗೆ ನೀನೇ ಸಹಿ ಮಾಡಿ ಬೇಗ ಕಳಿಸು. ಇದ್ದದ್ದನ್ನು ಬರೆದು ಸಹಿ ಮಾಡಿದರೆ ನಮಗೂ ಒಂಬತ್ತರ ದರ, ನನ್ನ ಕೆಲಸವೂ ಉಳಿಯಲಾರದು, ಯೋಚನೆ ಮಾಡು. ಚಾದರ ತೆಗೆದು ಯಂತ್ರಗಳನ್ನು ಒರೆಸಿ ಇಟ್ಟಿದ್ದೇನೆ. ಹಾಳೆಯಲ್ಲಿ ಉಳಿದದ್ದೆಲ್ಲ ತುಂಬಿದ್ದೇನೆ, ‘ಮನೆಯಲ್ಲಿ ನಡೆಯುವ ಕೆಲಸ’ ಎಂಬ ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಅಲ್ಲಿ ನನ್ನ ಅಕ್ಷರ ಬೇಡಮ್ಮಾ, ನೀನೇ ಬರೆ.