ಆಸ್ಪತ್ರೆಗೆ ಹನ್ನೆರಡು ಕಿಲೋಮೀಟರ್

ಮಾರ್ಚ್ ೧೨, ಬುಧವಾರ

ಇವತ್ತೂ ಎರಡು ಸಲ ಅಕ್ಕನ ಊರಿಗೆ ಹೋಗಿಬಂದೆ, ಒಂದು ಸಲವೂ ವಿಮಾನದಿಂದ ಕೆಳಗಿಳಿಯಲಿಲ್ಲ. ಆರುನೂರ ನಲವತ್ತು ಕಿಲೋಮೀಟರ್, ಒಂದು ಗಂಟೆ ಹತ್ತು ನಿಮಿಷ ಎಂದು ಮೈಕಿನಲ್ಲಿ ನಗುನಗುತ್ತಾ ಹೇಳುವವಳು ನಾನೇ. ಪ್ರಯಾಣಿಕರೆಲ್ಲ ಇಳಿದು ಹೋಗುತ್ತಾರೆ. ಗಗನಸಖಿಯಾದ ನಾನು ಸೀಟುಗಳ ಬೆಲ್ಟು ಸರಿಮಾಡಿ ಅರ್ಧ ಗಂಟೆಯಲ್ಲಿ ವಾಪಸು ಹೊರಡಬೇಕು. ಅಲ್ಲಿಂದ ಆಸ್ಪತ್ರೆ ಬರೀ ಹನ್ನೆರಡು ಕಿಲೋಮೀಟರ್. ತಿಂಗಳು ತುಂಬದೆ ಹುಟ್ಟಿದ ಅಕ್ಕನ ಕೂಸು ಒಂಬತ್ತು ದಿನದಿಂದ ಗಾಜಿನ ಪೆಟ್ಟಿಗೆಯಲ್ಲಿದೆ. ರಜೆ ಕೇಳಿದರೆ ಮೇಲಿನವರದು ಒಂದೇ ರಾಗ, "ಶನಿವಾರ ನೋಡೋಣ." ಶನಿವಾರವಂತೆ!

ಅಕ್ಕ ಬೈಯುತ್ತಾಳೆಂದು ಹೆದರುತ್ತಲೇ ಸಂಜೆ ಫೋನ್ ಮಾಡಿದೆ.

"ಪೆಟ್ಟಿಗೆ ಪಕ್ಕದ ಕಿಟಕೀಲಿ ನಿನ್ನ ವಿಮಾನ ಇಳಿಯೋದು ಕಾಣುತ್ತೆ ಕಣೇ. ನೋಡು, ಚಿಕ್ಕಮ್ಮ ಬಂದ್ಲು ಅಂತೀನಿ ಪಾಪುಗೆ" ಅಂದಳು.

"ಮತ್ತೆ ಹಾರಿದಾಗ?"

"ಆಗ ಪರದೆ ಎಳೆದುಬಿಡ್ತೀನಿ."

ನಾಳೆಯೂ ಎರಡು ಸಲ ಹೋಗಬೇಕು.