ಐದಕ್ಕೆ ಐದು ಪಡೆದ ಮೇಲ್ವಿಚಾರಕರ ಬಗ್ಗೆ ನನ್ನ ಗುಮಾನಿ

ಮನೋಚಿಕಿತ್ಸೆ ಕಲಿಸುವ ಮೇಲ್ವಿಚಾರಕರಿಗೆ ಅರ್ಹತಾಪತ್ರ ಕೊಡುವ ಮಾನ್ಯ ಅಧಿಕಾರಿಗಳೇ,

ನೀವು ಅರ್ಹರೆಂದು ಠಸ್ಸೆ ಒತ್ತಿದ ಬೆಳಗಾವಿಯ ಒಬ್ಬ ಮೇಲ್ವಿಚಾರಕರಿಗೆ ಕಲಿಸಲು ಬರುವುದಿಲ್ಲ. ಬರುತ್ತದೋ ಇಲ್ಲವೋ ಎಂದು ನೀವು ನೋಡಿಯೂ ಇಲ್ಲ. ಇದು ನನ್ನ ದೂರು.

ನನ್ನ ಮೊಮ್ಮಗಳು ಸಮೃದ್ಧಿ ಅವರ ಕೈಕೆಳಗೆ ಕಲಿಯುತ್ತಿದ್ದಾಳೆ. ಪ್ರತಿ ಗುರುವಾರ ಖಾನಾಪುರಕ್ಕೆ ಹೋಗಿ, ಅಲ್ಲಿಗೆ ಬಂದವರ ದುಃಖ ಕೇಳಬೇಕು, ಮರುದಿನ ಈ ಮೇಲ್ವಿಚಾರಕ ಸಾಹೇಬರಿಗೆ ವರದಿ ಒಪ್ಪಿಸಬೇಕು. ಜಾಂಬೋಟಿ ಕಡೆಯ ಒಬ್ಬ ತಾಯಿ ಅವಳ ಹತ್ತಿರ ಬರುತ್ತಿದ್ದರು. ಹೆಸರು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಗು ತೀರಿಕೊಂಡ ಮೇಲೆ ಮಾತು ನಿಲ್ಲಿಸಿದವರು. ಮೂರು ವಾರ ಸುಮ್ಮನೆ ಕೂತು ಎದ್ದು ಹೋದರು, ಆದರೆ ಬರುವುದನ್ನು ಬಿಡಲಿಲ್ಲ. ಏನು ಮಾಡಲಿ ಎಂದು ಇವಳು ಕೇಳಿದರೆ, ಮೊಬೈಲಿನಿಂದ ತಲೆ ಎತ್ತದೆ ಸಾಹೇಬರು ಹೇಳಿದ್ದು: "ಪ್ರಶ್ನೆ ಕೇಳ್ಕೋತ ಹೋಗವಾ. ವರದಿಯೊಳಗ ಏನರೆ ಬರೀಬೇಕಲ್ಲ." ಇವಳು ಕೇಳಿದಳು. ಐದನೇ ಪ್ರಶ್ನೆಗೆ ಎದ್ದು ಹೋದ ಆ ತಾಯಿ ಮತ್ತೆ ಬರಲಿಲ್ಲ.

ಇಂಥವರನ್ನು ಪರೀಕ್ಷೆ ಮಾಡಿದವರು ಯಾರು ಎಂದು ಸಿಟ್ಟಿನಿಂದ ಕೇಳಿದೆ. ಸಮೃದ್ಧಿ ನಿಮ್ಮ ಮೌಲ್ಯಮಾಪನದ ಹಾಳೆ ತೋರಿಸಿದಳು. ಸಮಯಕ್ಕೆ ಬರುತ್ತಾರೆಯೇ, ಸೌಜನ್ಯದಿಂದ ವರ್ತಿಸುತ್ತಾರೆಯೇ ಎಂದು ಇಪ್ಪತ್ತು ಪ್ರಶ್ನೆ. ಐದಕ್ಕೆ ಇಷ್ಟು ಎಂದು ಅಂಕ ಹಾಕುವವರು ಕಲಿಯುವವರು. ತಮ್ಮ ಹೆಸರು ಬರೆದು ಕೊಡಬೇಕಾದದ್ದು ಸಾಹೇಬರ ಕೈಗೇ! ಕಲಿತ ಗಂಟೆಗಳಿಗೆ ಸಹಿ ಹಾಕುವವರೂ ಅವರೇ. ಇದನ್ನು ಮೌಲ್ಯಮಾಪನ ಎಂದು ಕರೆಯುವಾಗ ನಿಮಗೆ ನಗು ಬರಲಿಲ್ಲವೇ? ಅಥವಾ ಬೇಕೆಂದೇ ಹೀಗೆ ಮಾಡಿಟ್ಟಿದ್ದೀರಾ?

"ಎಲ್ಲಾರೂ ಐದು ಹಾಕ್ಯಾರ ಅಜ್ಜಾ," ಅಂದಳು.

"ಅವರೆಲ್ಲಾ ಕುರುಡರೇನು?"

"ಕುರುಡರಲ್ಲ, ಶ್ಯಾಣ್ಯಾರು."

"ನೀ ಖರೇ ಬರಿ. ಎರಡು ಹಾಕು."

"ನಾಳೆ ನನ್ನ ಗಂಟೆಗೆ ನೀ ಸಹಿ ಮಾಡ್ತಿಯೇನು?"

ನಾನು ಬಿಡಲಿಲ್ಲ, ಅವಳು ಹಾಕಿದಳು. ಎರಡು ತಿಂಗಳಾಯಿತು, ಅವಳ ಅರವತ್ತು ಗಂಟೆಗಳಿಗೆ ಸಹಿಯಿಲ್ಲ. ಕಡತ ಸಿಗುತ್ತಿಲ್ಲವಂತೆ. ಅವಳ ಜೊತೆ ಕಲಿಯುವ ಉಳಿದ ಐವರದು ಮಾತ್ರ ಸಿಕ್ಕಿದೆ! ಸಹಿಯಿಲ್ಲದಿದ್ದರೆ ಈ ವರ್ಷ ಪರೀಕ್ಷೆಗೆ ಕೂಡುವಂತಿಲ್ಲ.

ನಾನು ನೇಕಾರ. ವಡಗಾವಿಯ ನಮ್ಮ ಓಣಿಯಲ್ಲಿ ಚಲೋ ನೇಯುತ್ತಾರೆ ಎಂದ ಮಾತ್ರಕ್ಕೆ ಯಾರಿಗೂ ಕಲಿಯುವವರನ್ನು ಒಪ್ಪಿಸುತ್ತಿರಲಿಲ್ಲ. ಯಾರೋ ಹೊಸಬರು ಕೆಡಿಸಿದ ಸೀರೆಯನ್ನು ಹಿರಿಯರು ತಂದು, ಕಲಿಸಬೇಕೆಂದವರ ಮುಂದೆ ಹಾಸುತ್ತಿದ್ದರು. ತಪ್ಪು ತೋರಿಸಿದರೆ ಸಾಲದು. ಕೆಡಿಸಿದವನನ್ನೇ ಎದುರು ಕೂರಿಸಿ, ಈಗ ಇವನಿಗೆ ತಿಳಿಸಿ ಹೇಳು ಅನ್ನುತ್ತಿದ್ದರು. ನನ್ನ ಸರದಿ ಬಂದಾಗ ನಾನು ಬೈದೆ. "ನೀ ನೇಯ್ಕೋತ ಕುಂದರಪಾ, ಕಲಸಾಕ ಹೋಗಬ್ಯಾಡ," ಅಂದುಬಿಟ್ಟರು. ನಾಲ್ಕು ವರ್ಷ ಒಬ್ಬರನ್ನೂ ನನ್ನ ಮಗ್ಗದ ಬಾಜು ಕೂರಿಸಲಿಲ್ಲ. ಸಿಟ್ಟು ಬಂದಿತ್ತು. ಅವರು ಮಾಡಿದ್ದು ಸರಿಯಿತ್ತು.

ನಿಮ್ಮ ಸಾಹೇಬರಿಗೂ ಅದನ್ನೇ ಮಾಡಿ. ಬೇರೆ ಊರಿನ ಕಲಿಯುವವರು ತಪ್ಪು ಮಾಡಿದ ಒಂದು ವರದಿ ಕೊಟ್ಟು, ಅದನ್ನು ಬರೆದವರನ್ನೇ ಎದುರು ಕೂರಿಸಿ. ಹೊರಗಿನ ಇಬ್ಬರು ಪಕ್ಕದಲ್ಲಿ ಕೂತು ನೋಡಲಿ. ಕಲಿಯುವವರ ಅಭಿಪ್ರಾಯ ಹೆಸರಿಲ್ಲದೆ ನೇರ ನಿಮಗೇ ಬರಲಿ.

ಮೊಮ್ಮಗಳಿಗೆ ಶಿಫಾರಸು ಕೇಳುತ್ತಿಲ್ಲ. ಅವಳ ಕೆಲಸವನ್ನೂ ಆ ಇಬ್ಬರೇ ನೋಡಲಿ. ತಪ್ಪಿದ್ದರೆ ಅರವತ್ತು ಗಂಟೆಯನ್ನೂ ಹೊಡೆದುಹಾಕಿ, ತಕರಾರು ತೆಗೆಯುವುದಿಲ್ಲ. ಆದರೆ ಆ ಮಾತು ಹೇಳುವವರು, ಅವಳಿಂದ ಎರಡು ಹಾಕಿಸಿಕೊಂಡವರು ಆಗಿರಬಾರದು.

ಇಂತಿ,
ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು, ಈಗ ಮನೆಯಲ್ಲಿ ಮೊಮ್ಮಗಳು ಮಾತಾಡಿಸದ
ಗುರುಪಾದಪ್ಪ, ವಡಗಾವಿ